ಭೂಕಂಪಮ್ಮನ ಗೀಟು

"ಇದು ನಿಮ್ಮದೇ ಕೆಲಸ ತಾನೇ?" ಎಂದು ಹೊಸ ಸಾಹೇಬರು ಕಾಗದವನ್ನು ಮೇಜಿನ ಮೇಲೆ ಹರಡಿದರು. ಭೂಮಿಯ ಅಲುಗಾಟವನ್ನು ಬರೆದಿಡುವ ಯಂತ್ರದ ಕಾಗದ ಅದು. ಬೆಳಿಗ್ಗೆ ಹತ್ತರ ಹೊತ್ತಿಗೆ ಸೂಜಿ ಸಣ್ಣಪುಟ್ಟ ಗೀಚು ಗೀಚಿತ್ತು. ಹತ್ತೂಕಾಲಿನಿಂದ ನೂಲು ಹಿಡಿದಂತೆ ನೇರ ಗೀಟು. ಹತ್ತೂ ಇಪ್ಪತ್ಮೂರಕ್ಕೆ ಇದ್ದಕ್ಕಿದ್ದಂತೆ ಮೇಲೆ ಕೆಳಗೆ ಕುಣಿದುಬಿಟ್ಟಿತ್ತು. ಆ ಕುಣಿತಕ್ಕೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ 'ಗುಡಿಸಿದ್ದು' ಎಂದು ಸಾಹೇಬರು ಆಗಲೇ ಬರೆದಾಗಿತ್ತು.

ಯಂತ್ರವಿದ್ದ ನೆಲಮಾಳಿಗೆಯನ್ನು ಹನ್ನೆರಡು ವರ್ಷದಿಂದ ಗುಡಿಸಿ ಒರೆಸುತ್ತಿದ್ದವಳು ಮೇಜಿನ ಎದುರು ನಿಂತಿದ್ದ ಅವಳೇ. ಹೆಂಗಸು ಮೈಕೈ ತುಂಬಿಕೊಂಡವಳು. ಹೆಜ್ಜೆ ಇಟ್ಟರೆ ಸಾಕು, ಸೂಜಿ ಬೆಚ್ಚಿಬೀಳುತ್ತಿತ್ತು. ಮಹಡಿ ಮೇಲಿನ ಗುಮಾಸ್ತರೆಲ್ಲ ಸೇರಿ 'ಭೂಕಂಪಮ್ಮ' ಎಂದು ಹೆಸರಿಟ್ಟಿದ್ದರು. ಅವಳೇನು ಕಮ್ಮಿಯೇ? ನನ್ನ ಕಂಡರೆ ಭೂಮಿಗೂ ಭಯ ಕಣ್ರೋ ಎಂದು ಪೊರಕೆ ಬೀಸಿಕೊಂಡು ನಡೆಯುತ್ತಿದ್ದಳು.

ಇವತ್ತು ಮಾತ್ರ ತಮಾಷೆ ನಡೆಯುವ ಹಾಗಿರಲಿಲ್ಲ. ಸಾಹೇಬರು ಬಂದು ಎಂಟೇ ದಿನವಾಗಿತ್ತು. ಒರೆಸುವಾಗ ಯಂತ್ರದ ಕಟ್ಟೆಗೆ ಬಕೆಟ್ ತಗುಲಿಸಿದ್ದೀರಿ, ನಾಳೆಯಿಂದ ಕೆಳಗೆ ಇಳಿಯಬೇಡಿ, ಗೇಟಿನ ಹತ್ತಿರ ಗುಡಿಸಿದರೆ ಸಾಕು ಎಂದುಬಿಟ್ಟರು.

ಗೇಟಿನ ಕೆಲಸವೇನೋ ಹಗುರದ್ದೇ. ಆದರೆ ಅಲ್ಲಿ ಆ ಹತ್ತು ನಿಮಿಷ ಎಲ್ಲಿಂದ ಬರಬೇಕು? ಒರೆಸಿ ಮುಗಿದ ಮೇಲೆ ಹತ್ತು ನಿಮಿಷ ಗೋಡೆ ಪಕ್ಕ ಅಲ್ಲಾಡದೆ ನಿಂತು, ಗೀಟು ನೇರವಾದದ್ದನ್ನು ಕಣ್ಣಾರೆ ಕಂಡೇ ಹೊರಡಬೇಕೆಂದು ಹಳೇ ಸಾಹೇಬರು ಮೊದಲ ದಿನವೇ ತಾಕೀತು ಮಾಡಿದ್ದರು. ಮೊದಮೊದಲು ಅದೊಂದು ಶಿಕ್ಷೆ. ಮೂಗು ತುರಿಸುತ್ತಿತ್ತು, ಮನೆಯಲ್ಲಿ ಒಲೆ ಆರಿಸಿದೆನೋ ಇಲ್ಲವೋ ಎಂದು ಜೀವ ತಳಮಳಿಸುತ್ತಿತ್ತು, ಕಾಲು ಬದಲಿಸಿದರೆ ಸೂಜಿ ಚಾಡಿ ಹೇಳುತ್ತಿತ್ತು. ಬರಬರುತ್ತಾ ಉಸಿರು ತಣ್ಣಗಾಯಿತು. ಬರಿಗಾಲ ಕೆಳಗೆ ನೆಲ, ನೆಲದ ಕೆಳಗೆ ಬಂಡೆ, ಅದರ ಕೆಳಗೆ ಇನ್ನೆಷ್ಟು ಆಳವೋ. ಅಷ್ಟೂ ತನ್ನ ಜೊತೆ ಸುಮ್ಮನೆ ನಿಂತಿದೆ ಅನ್ನಿಸುತ್ತಿತ್ತು. ಆ ಹೊತ್ತಿನಲ್ಲಿ ಅವಳು ಯಾರ ಅತ್ತೆಯೂ ಅಲ್ಲ, ಯಾರ ಕೆಲಸದವಳೂ ಅಲ್ಲ, ಇಷ್ಟು ದೊಡ್ಡ ಭೂಮಿಯದೇ ಒಂದು ತುಂಡು. ಅಂಥ ಸುಖ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

"ನಾನಲ್ಲ ಸಾರ್," ಎಂದಳು. "ಹತ್ತೂಕಾಲಿಗೆ ಒರೆಸಿ ಮುಗಿಸಿ ನಿಂತೆ. ಒಂದು ಬೆರಳೂ ಅಲ್ಲಾಡಿಸಲಿಲ್ಲ. ಸೂಜಿ ಕುಣಿದಾಗ ನೋಡ್ತಾನೇ ಇದ್ದೆ. ಅದು ಕೆಳಗಿಂದ ಬಂದದ್ದು."

"ನೀವು ಅಲ್ಲಾಡಲಿಲ್ಲ ಅನ್ನೋದಕ್ಕೆ ಸಾಕ್ಷಿ ಏನಮ್ಮ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಇನ್ನೊಂದು ಊರಿನ ಕೇಂದ್ರದವರು. ಹತ್ತೂ ಇಪ್ಪತ್ಮೂರಕ್ಕೆ ನಿಮ್ಮಲ್ಲೂ ಬಂತೇ ಎಂದು ಕೇಳುತ್ತಿದ್ದರು. ಎಲ್ಲೋ ಸಾವಿರಾರು ಮೈಲಿ ಆಚೆ, ಸಮುದ್ರದ ತಳ ನಡುಗಿತ್ತಂತೆ. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಸಾಹೇಬರು ಹೂಂಗುಟ್ಟುತ್ತಾ ಹೋದಂತೆ ಅವರ ಮುಖ ಸಣ್ಣದಾಯಿತು. ಫೋನ್ ಇಟ್ಟು, 'ಗುಡಿಸಿದ್ದು' ಎಂಬುದನ್ನು ಹೊಡೆದು ಹಾಕಿ 'ಭೂಕಂಪ' ಎಂದು ಬರೆದರು.

"ತಪ್ಪಾಯ್ತಮ್ಮ, ಇದು ನೀವಲ್ಲ. ನಾಳೆ ಎಂದಿನಂತೆ ಕೆಳಗೇ ಬನ್ನಿ."

ಅವಳು ಹೊರಡಲಿಲ್ಲ. ಕೈ ಒರೆಸಿಕೊಂಡು ಕಾಗದದ ಮೇಲೆ ಬಾಗಿದಳು. ಕುಣಿತಕ್ಕೆ ಮೊದಲು ಎಂಟು ನಿಮಿಷ ನೂಲಿನಂತೆ ಹರಿದಿದ್ದ ಆ ನೇರ ಗೀಟಿನ ಮೇಲೆ ಬೆರಳಿಟ್ಟಳು.

"ಸಾಕ್ಷಿ ಕೇಳಿದ್ರಲ್ಲ ಸಾರ್. ಇದರ ಪಕ್ಕದಲ್ಲೂ ಬರೀರಿ. ಇದು ನಾನು."