ಹತ್ತು ಗಂಟೆಯ ಬ್ಯಾಟರಿ

ಹೊಸ ಕಿವಿಯಂತ್ರವನ್ನು ಅತ್ತೆ ಒಂದೇ ಬೆರಳಿನಿಂದ ಅಂಗಡಿಯವನ ಕಡೆಗೇ ತಳ್ಳಿಬಿಟ್ಟರು. "ಬೇಡಪ್ಪ. ಕಿವೀಲಿರೋ ಹಳೇದೇ ಸಾಕು."

"ಅಜ್ಜಿ, ನಿಮ್ಮದು ನಿಕ್ಕಲ್ ಬ್ಯಾಟರಿ, ಹತ್ತೇ ಗಂಟೆ ಬರುತ್ತೆ. ಇದು ಲಿಥಿಯಂ, ಬೆಳಿಗ್ಗೆ ಹಾಕ್ಕೊಂಡ್ರೆ ಮಲಗೋವರೆಗೂ ಚಿಂತೆಯಿಲ್ಲ," ಎಂದು ಅವನು ಮೂರನೇ ಸಲ ಹೇಳಿದ.

ಅರ್ಧ ದಿನ ರಜೆ ಹಾಕಿ ಬಂದಿದ್ದ ಸೊಸೆಗೆ ರೇಗಲೂ ತ್ರಾಣವಿರಲಿಲ್ಲ. "ದಿನಾ ಸಂಜೆ ಆರಕ್ಕೆಲ್ಲ ನಿಮ್ಮ ಕಿವಿ ಬಂದ್ ಆಗುತ್ತಲ್ಲ ಅತ್ತೆ! ಆಮೇಲೆ ಒಂದು ಮಾತಾಡೋಕೂ ಗಂಟಲು ಹರ್ಕೋಬೇಕು."

ಅತ್ತೆ ಅವಳ ಕೈಮೇಲೆ ಕೈಯಿಟ್ಟರು. "ಆರಕ್ಕೇ ಅಲ್ವೇನಮ್ಮ, ನೀನೂ ನನ್ನ ಮಗನೂ ಮನೆಗೆ ಬಂದು ಜಗಳ ಶುರು ಹಚ್ಕೊಳ್ಳೋದು?"

ಗೋಡೆಯ ಗಡಿಯಾರದಲ್ಲಿ ಐದೂಮುಕ್ಕಾಲಾಗಿತ್ತು. ಅತ್ತೆಗೆ ಕೇಳಿಸುವಂತೆ ಒಂದು ಒಳ್ಳೆಯ ಮಾತು ಆಡಲು ಇನ್ನೂ ಹದಿನೈದು ನಿಮಿಷವಿತ್ತು. ಸೊಸೆಗೆ ಒಂದೂ ಹೊಳೆಯಲಿಲ್ಲ.