ಮರುಭೂಮಿಯ ಬಣ್ಣ

“ಇವಳು ಮರುಭೂಮಿಯವಳ ಥರ ಕಾಣ್ತಾನೇ ಇಲ್ವಲ್ರೀ!” ಎಂದು ನಿರ್ದೇಶಕ ಕೂಗಿದಾಗ, ಒಂಟೆಯ ಮೇಲಿದ್ದ ಹೆಂಗಸು ಅತ್ತ ಇತ್ತ ನೋಡಿದಳು. ಹೇಳಿದ್ದು ತನ್ನ ಬಗ್ಗೆಯೇ ಎಂದು ಅವಳಿಗೆ ಹೊಳೆಯಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಎದುರಿನ ಮರಳುದಿಬ್ಬದ ಆಚೆಗೇ. ಒಂಟೆಯೂ ಅವಳದೇ. ಒಂಟೆಯ ಬಗ್ಗೆ ಮಾತ್ರ ಯಾರದೂ ತಕರಾರಿರಲಿಲ್ಲ.

ಸಾಹಸದ ಸಿನಿಮಾ, ಜೊತೆಗೆ ಪ್ರೇಮವೂ ಉಂಟು. ಮರಳಿನಲ್ಲಿ ದಾರಿ ತಪ್ಪಿದ ನಾಯಕನನ್ನು ಅಲ್ಲಿಯ ಹುಡುಗಿಯೊಬ್ಬಳು ಕಾಪಾಡುತ್ತಾಳೆ, ಅವನು ಅವಳಿಗೆ ಮನಸೋಲುತ್ತಾನೆ. ಆ ಹುಡುಗಿಯ ಪಾತ್ರಕ್ಕೆ ಬೆಳ್ಳನೆಯ ನಾಯಕಿಯನ್ನು ದೂರದ ನಗರದಿಂದ ಕರೆತಂದು ಮೈಗೆಲ್ಲ ಕಪ್ಪು ಬಳಿದಿದ್ದರು. ನಗುವುದು, ಅಳುವುದು, ಅಪ್ಪಿಕೊಳ್ಳುವುದು ನಾಯಕಿಯ ಪಾಲು. ಒಂಟೆ ಓಡಿಸುವುದು, ಬೀಳುವುದು ಡ್ಯೂಪ್ ಆಗಿ ಬಂದ ಈ ಹೆಂಗಸಿನ ಪಾಲು. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ನಾಯಕಿಯೇ ಹೆಚ್ಚು ಕಪ್ಪು. ಪರದೆಯ ಮೇಲೆ ಇಬ್ಬರೂ ಒಬ್ಬಳೇ ಎಂದು ಯಾರು ತಾನೇ ನಂಬಿಯಾರು?

“ಇವಳಿಗೂ ಬಳೀರಿ,” ಎಂದು ನಿರ್ದೇಶಕ ಮೇಕಪ್ಪಿನವಳಿಗೆ ಹೇಳಿದ.

“ಸರ್, ಅದರ ಬದಲು ನಾಯಕಿಯವರ ಬಣ್ಣಾನೇ ಸ್ವಲ್ಪ ತಿಳಿ ಮಾಡಿದ್ರೆ...”

“ಅರ್ಧ ಸಿನಿಮಾ ಅದೇ ಬಣ್ಣದಲ್ಲಿ ತೆಗೆದಾಗಿದೆ. ನಡುವೆ ಬಿಳಿಚಿಕೊಂಡ್ರೆ ನೋಡೋರು ನಗಲ್ವಾ? ಅಷ್ಟಕ್ಕೂ ಅದನ್ನ ಕಲಸಿದ್ದು ನಾನಾ, ನೀವಾ?”

ಮೇಕಪ್ಪಿನವಳು ಬಣ್ಣದ ಡಬ್ಬಿ ಎತ್ತಿಕೊಂಡಳು. ಕಲಸಿದ್ದು ಅವಳೇ. ಆಗ ಅವಳು ಮರುಭೂಮಿಯನ್ನೂ ನೋಡಿರಲಿಲ್ಲ, ಅಲ್ಲಿನವರನ್ನೂ ನೋಡಿರಲಿಲ್ಲ. ತಂಪು ಕೋಣೆಯಲ್ಲಿ ಕೂತು, ಇನ್ನೂ ಸ್ವಲ್ಪ ಇರಲಿ, ಇನ್ನೂ ಸ್ವಲ್ಪ ಇರಲಿ ಎಂದು ಗಾಢ ಮಾಡುತ್ತ ಹೋಗಿದ್ದಳು. ನಿರ್ದೇಶಕ ಚಪ್ಪಾಳೆ ತಟ್ಟಿ, ಈಗ ಬಂತು ನೋಡಿ ಅಸಲಿ ಕಳೆ, ಎಂದಾಗ ಉಬ್ಬಿಹೋಗಿದ್ದಳು.

ಡೇರೆಯೊಳಗೆ ಹೆಂಗಸು ಕನ್ನಡಿಯ ಮುಂದೆ ಕೂತಳು. ಖುಷಿಯಾಗಿದ್ದಳು. “ನಮ್ಮ ಕಡೆಯವರನ್ನ ಇದುವರೆಗೂ ಯಾರೂ ಸಿನಿಮಾದಲ್ಲಿ ತೋರಿಸಿರ್ಲಿಲ್ಲ ಅಕ್ಕ. ಮನೇಲೆಲ್ಲ ಇದೇ ಮಾತು,” ಎಂದಳು. ಕೆನ್ನೆಗೆ ಸ್ಪಂಜು ತಾಕಿದಾಗ ಕೇಳಿದಳು, “ಇದು ಯಾಕಕ್ಕ?”

ನಿಜ ಹೇಳಬಹುದಿತ್ತು. ತಪ್ಪು ನನ್ನದು, ನಿನ್ನ ಮುಖಕ್ಕೆ ಏನೂ ಆಗಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. “ಕ್ಯಾಮರಾ ಲೈಟಿಗೆ ಹಿಂಗೇ ಬೇಕಮ್ಮ, ಎಲ್ಲಾರಿಗೂ ಹಾಕ್ತೀವಿ,” ಎಂದಳು ಮೇಕಪ್ಪಿನವಳು. ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಸೇರದ ಹಾಗೆ ಬಗ್ಗಿ, ಹಣೆ, ಕತ್ತು, ಕಿವಿಯ ಹಿಂದೆಲ್ಲ ಬಳಿದಳು. ಆ ಮುಖದ ಸ್ವಂತ ಬಣ್ಣ ಒಂದಿಷ್ಟೂ ಉಳಿಯಲಿಲ್ಲ.

ಹೆಂಗಸು ಕನ್ನಡಿಯನ್ನು ಬಹಳ ಹೊತ್ತು ನೋಡಿದಳು. ಆಚೆ ಇದ್ದ ನಾಯಕಿಯನ್ನೂ ಒಮ್ಮೆ ನೋಡಿದಳು. ಸಿಟ್ಟಾಗುತ್ತಾಳೆ ಎಂದು ಮೇಕಪ್ಪಿನವಳು ಕಾದಳು. ಆಗಲಿ, ಬೈದುಬಿಡಲಿ ಅಂದುಕೊಂಡಳು. ಆದರೆ ಹೆಂಗಸು ತಾನೇ ಏನೋ ತಪ್ಪು ಮಾಡಿದವಳ ಹಾಗೆ ದನಿ ತಗ್ಗಿಸಿದಳು.

“ಬಿಸಿಲಿದೆ ಅಂತ ನಾವು ಯಾವಾಗ್ಲೂ ಮುಖ ಮುಚ್ಕೊಂಡೇ ಓಡಾಡೋದು ಅಕ್ಕ, ಅದಕ್ಕೇ ನಮ್ಮ ಬಣ್ಣ ಹಿಂಗೆ ತಿಳಿಯಾಗಿದೆಯೇನೋ. ನಾಳೆ ಗುಂಪಿನ ಸೀನಿಗೆ ನಮ್ಮತ್ತೆ, ನಾದಿನಿ ಎಲ್ಲಾ ಬರ್ತಾರೆ. ಬೆಳಗ್ಗೆಯಿಂದಲೇ ಮುಖ ಬಿಟ್ಕೊಂಡು ಬಿಸಿಲಲ್ಲಿ ಕೂತಿರಿ ಅಂತ ಹೇಳಿಬಿಡ್ಲಾ? ನಿಮಗೂ ಕೆಲಸ ಕಮ್ಮಿ ಆಗುತ್ತೆ.”