ಹ್ರೂಬಿ ಅಜ್ಜನ ಒಣದ್ರಾಕ್ಷಿ

ಹ್ರೂಬಿ ಅಜ್ಜ ಇವತ್ತೂ ಕದ್ದರು. ಕದ್ದದ್ದೇನು ಚಿನ್ನವೇ? ತಿಂಡಿಯ ಬಟ್ಟಲಿನಿಂದ ಒಂದು ಹಿಡಿ ಒಣದ್ರಾಕ್ಷಿ, ಒಂದು ತುಂಡು ಬ್ರೆಡ್. ಸ್ವೀಡಲ್ ಕಂಡೂ ಕಾಣದವಳಂತೆ ಚಹಾ ಬಗ್ಗಿಸಿದಳು.

ಲಾವಣ್ಯಾ ಸುಮ್ಮನಿರಬೇಕಲ್ಲ! ಫ್ರಾಂಕ್‌ಫರ್ಟಿನ ಆ ವೃದ್ಧಾಶ್ರಮದಲ್ಲಿ ಕನ್ನಡ ಬಲ್ಲ ನರ್ಸುಗಳು ಇವರಿಬ್ಬರೇ.

“ನಾಲ್ಕು ದ್ರಾಕ್ಷಿಗೆ ಎಂತ ಗಲಾಟೆ ಮಾರಾಯ್ತಿ?” ಎಂದಳು ಸ್ವೀಡಲ್.

“ದ್ರಾಕ್ಷಿ ಹಾಳಾಗ್ಲಿ ಕಣೇ. ದಿನಾ ಬಾಗಿಲು ಹಾಕ್ಕೊಂಡು ಒಬ್ರೇ ಮಾತಾಡ್ತಾರೆ. ಸತ್ತ ಹೆಂಡ್ತಿ ಸ್ಕಾರ್ಫ್ ಕತ್ತಿಗೆ ಹಾಕ್ಕೊಂಡು ಮೇಜಿಗೆ ಮುತ್ತು ಕೊಡೋದನ್ನ ನಾನೇ ನೋಡಿದೀನಿ. ಹೆಡ್ ಮೇಡಂ ಈಗ ಬಂದು ನೋಡ್ತಾರಂತೆ. ತಲೆ ಕೆಟ್ಟಿದೆ ಅಂದ್ರೆ ಬೀಗದ ವಾರ್ಡಿಗೇ.”

ಸ್ವೀಡಲ್ ಚಹಾದ ಪಾತ್ರೆ ಕೆಳಗಿಟ್ಟಳು. ಬೀಗದ ವಾರ್ಡಿಗೆ ಬೇರೆ ನರ್ಸುಗಳು. ಅಲ್ಲಿಗೆ ಹೋದರೆ ಅಜ್ಜ ಅವಳ ಪಾಲಿಗೆ ಇಲ್ಲವೆಂದೇ ಲೆಕ್ಕ. ಇಡೀ ಊರಿನಲ್ಲಿ ಅವಳನ್ನು ‘ಊಟ ಆಯ್ತಾ’ ಎಂದು ಕೇಳುವ ಜೀವ ಅದೊಂದೇ. ಆ ಎರಡು ಮಾತನ್ನು ಅವಳೇ ಕಲಿಸಿದ್ದಳು.

ನಿನ್ನೆ ಅವರ ತಲೆ ಬಾಚುತ್ತ ಅತ್ತಿದ್ದಳು. ಮಂಗಳೂರಿನಲ್ಲಿ ಅಮ್ಮ ಸೆರಾಫಿನ್ ಬಾಯಿ ತೀರಿಕೊಂಡು ಇವತ್ತಿಗೆ ವರ್ಷ. ಮಣ್ಣಿಗೂ ಹೋಗಲಾಗಲಿಲ್ಲ, ಅಮ್ಮನ ಹೆಸರಿನ ಒಂದು ಪೂಜೆಗೆ ಚರ್ಚಿನಲ್ಲಿ ಕೂರೋಣವೆಂದರೆ ರಜೆಯಿಲ್ಲ. ಅಜ್ಜನಿಗೆ ಕಿವಿ ಮಂದ, ಹೆಸರನ್ನು ಎರಡು ಸಲ ಹೇಳಿಸಿಕೊಂಡರು.

ಅಜ್ಜ ಜೆಕ್ ದೇಶದ ಪ್ರಾಗಿನವರು. ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವರು. “ಕಮ್ಯುನಿಸ್ಟರ ಕಾಲದಲ್ಲಿ ನಮ್ಮಲ್ಲಿ ಎಲ್ಲ ತಲೆಕೆಳಗು,” ಎಂದು ನಗುತ್ತಿದ್ದರು. “ಮುಂದೆ ಬಿಷಪ್ಪರಾಗುವವರು ಕಿಟಕಿ ಒರೆಸುತ್ತಿದ್ದರು, ಅಧ್ಯಕ್ಷರಾಗುವವರು ಜೈಲಿನಲ್ಲಿದ್ದರು.”

“ನೀವು?”

“ನಾನು ಬೆಂಕಿ ಆರದಂತೆ ನೋಡಿಕೊಂಡೆ.”

ಮೇಡಂ ಬರುವ ಮೊದಲೇ ಎಲ್ಲವನ್ನೂ ಅಡಗಿಸಿಬಿಡಬೇಕೆಂದು ಸ್ವೀಡಲ್ ಓಡಿದಳು. ಬಾಗಿಲು ತೆರೆದವಳು ಹಾಗೇ ನಿಂತಳು.

ಮೇಜಿನ ಮೇಲೆ ಬಿಳಿ ಕರವಸ್ತ್ರ. ಲೋಟದಲ್ಲಿ ದ್ರಾಕ್ಷಿ ನೆನೆದ ನೀರು. ಕತ್ತಿನ ಎರಡೂ ಕಡೆ ಇಳಿಬಿದ್ದ ನೇರಳೆ ಸ್ಕಾರ್ಫ್. ಅಜ್ಜ ಬ್ರೆಡ್ಡಿನ ತುಂಡನ್ನು ಎರಡೂ ಕೈಯಲ್ಲಿ ಮೇಲೆತ್ತಿದ್ದರು. ಚಿಕ್ಕಂದಿನಿಂದ ಪ್ರತಿ ಭಾನುವಾರ ಚರ್ಚಿನಲ್ಲಿ ಅವಳು ಕಂಡದ್ದು ಇದನ್ನೇ: ಫಾದರರ ಕತ್ತಿನ ಪಟ್ಟಿ, ಪೂಜಾಪೀಠಕ್ಕೆ ಕೊಡುವ ಮುತ್ತು, ಮೇಲೆತ್ತಿದ ರೊಟ್ಟಿ.

“ದೇವರೇ! ನೀವು ಫಾದರಾ? ಮತ್ತೆ ಹೆಂಡತಿ?”

“ಆಗ ಫಾದರುಗಳನ್ನು ಹಿಡಿಯುತ್ತಿದ್ದ ಪೊಲೀಸರಿಗೆ ಹೆಂಡತಿಯಿದ್ದವನ ಮೇಲೆ ಸಂಶಯ ಬರುತ್ತಿರಲಿಲ್ಲ ಮಗಳೇ. ಅದಕ್ಕೇ ಬಿಷಪ್ಪರು ನನಗೆ ಗುಟ್ಟಾಗಿ ದೀಕ್ಷೆ ಕೊಟ್ಟರು. ಅವಳಿಗೂ ಹೇಳಲಿಲ್ಲ. ಬೇರೇನೋ ನೆಪಕ್ಕೆ ನನ್ನನ್ನು ಜೈಲಿಗೆ ಹಾಕಿದಾಗ ಪೂಜೆಗೆ ದ್ರಾಕ್ಷಾರಸ ಎಲ್ಲಿಂದ ಬರಬೇಕು? ಹೀಗೇ ನೆನೆಸುತ್ತಿದ್ದೆವು. ಕಾಲ ಬದಲಾದ ಮೇಲೆ ಹೇಳಿದ್ದರೆ ಯಾರು ನಂಬುತ್ತಿದ್ದರು?”

ಹೊರಗೆ ಮೇಡಂ ಬಾಗಿಲು ತಟ್ಟಿದರು. ಸ್ವೀಡಲ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. “ಪ್ರಾರ್ಥನೆ ಮಾಡ್ತಿದ್ದಾರೆ. ತಲೆ ಸರಿಯಾಗಿಯೇ ಇದೆ, ಜವಾಬ್ದಾರಿ ನನ್ನದು!”

ಅಜ್ಜ ಮೇಜಿನತ್ತ ತಿರುಗಿ ಪೂಜೆ ಮುಂದುವರಿಸಿದರು. ಅವರ ಜೆಕ್ ಭಾಷೆ ಅವಳಿಗೆ ಒಂದಕ್ಷರವೂ ತಿಳಿಯದು.

ಅದರ ನಡುವೆ ಸ್ಪಷ್ಟವಾಗಿ ಕೇಳಿಸಿತು: “ಸೆರಾಫಿನ್ ಬಾಯಿ.”